ಓದುಗರ ಪ್ರಶ್ನೆ: ಕಾರಿನಲ್ಲಿ ಒಬ್ಬರೇ ಹೊಸ ಊರಿನ ಮನೆಗೆ

ಪ್ರಶ್ನೆ: ಕೆಲಸದ ಮೇಲೆ ಬೆಂಗಳೂರು ಬಿಟ್ಟು ನೋಯ್ಡಾಗೆ ಹೋಗುತ್ತಿದ್ದೇನೆ. ಸಾಮಾನು ಲಾರಿಯಲ್ಲಿ, ನಾನೊಬ್ಬಳೇ ಕಾರಿನಲ್ಲಿ. ಓಡಿಸುವುದು ರೂಢಿಯಿದೆ. ಆದರೆ ಅಮ್ಮನನ್ನು ಬಿಟ್ಟು ಬಂದೆನಲ್ಲ ಎಂಬ ಯೋಚನೆ ದಾರಿಯುದ್ದಕ್ಕೂ ಕಾಡುತ್ತದೇನೋ ಎಂಬ ಅಳುಕು. ಎಷ್ಟು ದಿನ ಇಟ್ಟುಕೊಳ್ಳಲಿ?
– ಓದುಗರು, ಬೆಂಗಳೂರು

ಉತ್ತರ: ಐದು ದಿನ ಇಟ್ಟುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಮೊದಲ ರಾತ್ರಿ ಹೈದರಾಬಾದ್ (ಸುಮಾರು 570 ಕಿ.ಮೀ.), ಎರಡನೆಯದು ನಾಗಪುರ (500), ಮೂರನೆಯದು ಮಧ್ಯಪ್ರದೇಶದ ಸಾಗರ್ (400), ನಾಲ್ಕನೆಯದು ಆಗ್ರಾ (425). ಕೊನೆಯ ದಿನಕ್ಕೆ ಉಳಿಯುವುದು ಯಮುನಾ ಎಕ್ಸ್‌ಪ್ರೆಸ್‌ವೇ ಮೇಲಿನ 200 ಕಿ.ಮೀ. ಮಾತ್ರ. ಅದನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದೇವೆ. ಗೊತ್ತಿಲ್ಲದ ಬಡಾವಣೆಯಲ್ಲಿ ಕತ್ತಲಾದ ಮೇಲೆ ಗೇಟು, ಬೀಗ, ಮೀಟರು ಹುಡುಕುವ ಪಾಡು ಬೇಡ, ಹಗಲಲ್ಲೇ ತಲುಪಿ. ಡಿಸೆಂಬರ್, ಜನವರಿಯಲ್ಲಿ ಹೊರಡುವುದಾದರೆ ಆಗ್ರಾದಲ್ಲಿ ಮಂಜು ಕರಗುವವರೆಗೆ ಕಾರು ತೆಗೆಯಬೇಡಿ.

ನಿಜವಾದ ಅಪಾಯ ಮೊದಲ ದಿನದ್ದು. ಹಿಂದಿನ ರಾತ್ರಿ ಹನ್ನೆರಡರವರೆಗೆ ಡಬ್ಬ ಕಟ್ಟಿ, ಬೆಳಗಿನ ನಾಲ್ಕಕ್ಕೆ ಹೊರಡುವವರೇ ಹೆಚ್ಚು. ಲಾರಿಯನ್ನು ಒಂದು ದಿನ ಮೊದಲೇ ಕಳಿಸಿ, ಆ ರಾತ್ರಿ ಅಮ್ಮನ ಮನೆಯಲ್ಲೇ ಮಲಗಿ, ಆರು ಗಂಟೆಗೆ ಹೊರಡಿ. ಅದು ಆಗಲಿಲ್ಲವೆಂದರೆ ಮೊದಲ ದಿನ ಕರ್ನೂಲಿನಲ್ಲೇ (360 ಕಿ.ಮೀ.) ನಿಂತುಬಿಡಿ, ಒಂದು ದಿನ ಹೆಚ್ಚಾದರೂ ಚಿಂತೆಯಿಲ್ಲ. ಹೈದರಾಬಾದ್ ಊರೊಳಗೆ ನುಗ್ಗುವ ಅಗತ್ಯವಿಲ್ಲ. ಶಂಷಾಬಾದ್ ಬಳಿ ಔಟರ್ ರಿಂಗ್ ರೋಡ್ ಹತ್ತಿ ಮೇಡ್ಚಲ್ ಕಡೆ ಇಳಿದರೆ ಮತ್ತೆ 44 ಸಿಗುತ್ತದೆ. ನಾಗಪುರ ದಾಟಿದ ಮೇಲೆ ಪೆಂಚ್ ಕಾಡು ಬರುತ್ತದೆ. ಅಲ್ಲಿ ರಸ್ತೆಯನ್ನು ಮೇಲೆತ್ತಿ ಕೆಳಗೆ ಪ್ರಾಣಿಗಳಿಗೆ ದಾರಿ ಬಿಟ್ಟಿದ್ದಾರೆ. ಫೋಟೊ ಆಸೆಗೆ ನಿಲ್ಲಿಸಬೇಡಿ.

ಇನ್ನು ಅಮ್ಮನ ಯೋಚನೆ. ನೇರ ರಸ್ತೆಯಲ್ಲಿ ಕೈಕಾಲಿಗೆ ಕೆಲಸ ಕಡಿಮೆಯಾದಾಗ ಮನಸ್ಸು ಹಳೆಯದನ್ನು ಮೆಲುಕು ಹಾಕುವುದು ಸಹಜ, ತಡೆಯಲು ಹೋಗಬೇಡಿ. ಒಂದನ್ನು ಮಾತ್ರ ಗಮನಿಸಿ: ಈಗಷ್ಟೇ ದಾಟಿದ ಟೋಲ್ ನೆನಪಿಗೆ ಬರುತ್ತಿಲ್ಲವೆಂದರೆ ಕಣ್ಣು ರಸ್ತೆಯ ಮೇಲಿದ್ದರೂ ಗಮನ ಅಲ್ಲಿಲ್ಲ. ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ. ಅಳು ಬಂದರೂ ಹಾಗೆಯೇ, ನಿಲ್ಲಿಸಿ ಅತ್ತುಬಿಡಿ. ಅಮ್ಮನಿಗೆ ಫೋನು ತಿಂಡಿ, ಊಟ, ರಾತ್ರಿ ತಂಗಿದಾಗ ಮಾತ್ರ. ಬ್ಲೂಟೂತ್‌ನಲ್ಲಿ ಮಾತಾಡಿದರೆ ಕೈ ಬಿಡುವಾಗಿರುತ್ತದೆ, ತಲೆಗೆ ಬಿಡುವಿರುವುದಿಲ್ಲ. ಹೊಳೆದದ್ದನ್ನು ಬರೆದಿಡಲು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ, ನಿಂತಲ್ಲಿ ಬರೆಯಿರಿ.

ಮಧ್ಯಾಹ್ನ ಮೂರರ ಹೊತ್ತಿಗೆ ಬರುವ ವೈರಾಗ್ಯದಲ್ಲಿ ಅರ್ಧ ಪಾಲು ನಿದ್ದೆಯದು! ವಾಪಸ್ ಹೋಗಿಬಿಡಲೇ, ಕೆಲಸ ಬಿಡಲೇ ಎಂಬ ತೀರ್ಮಾನಗಳನ್ನು ಆಗ ಮಾಡಬೇಡಿ. ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಇಳಿದು ನಡೆಯಿರಿ. ತೂಕಡಿಕೆ ಬಂದರೆ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಕೆಲಸಕ್ಕೆ ಬಾರದು. ಒಂದು ಲೋಟ ಕಾಫಿ ಕುಡಿದು, ಬಾಗಿಲು ಲಾಕ್ ಮಾಡಿ, ಜನರಿರುವ ಜಾಗದಲ್ಲಿ ಇಪ್ಪತ್ತು ನಿಮಿಷ ಮಲಗಿ. ಕಾಫಿ ಪರಿಣಾಮ ತೋರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಟೈರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಬಿಸಿಲಿಗೆ ಗಾಳಿ ಕಡಿಮೆ ಇರಲಿ ಎನ್ನುವವರ ಮಾತು ಕೇಳಬೇಡಿ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾಯುತ್ತದೆ, ಕಾಂಕ್ರೀಟ್ ರಸ್ತೆಯ ವೇಗದಲ್ಲಿ ಸಿಡಿಯುವುದು ಅದರಿಂದಲೇ. ಚಾಲಕರ ಬಾಗಿಲ ಕಂಬದ ಚೀಟಿಯಲ್ಲಿ ಪೂರ್ತಿ ಲೋಡಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಅಳೆಯಿರಿ, ಸ್ಟೆಪ್ನಿಯನ್ನೂ ಮರೆಯದೆ. ಪುಸ್ತಕದ ಡಬ್ಬಗಳನ್ನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಕೆಳಗಿಡಿ. ಸೀಟಿನ ಎತ್ತರಕ್ಕಿಂತ ಮೇಲೆ ಏನನ್ನೂ ಪೇರಿಸಬೇಡಿ, ಬ್ರೇಕ್ ಹಾಕಿದಾಗ ಅದು ನಿಮ್ಮ ತಲೆಗೇ ಬರುತ್ತದೆ. ಇನ್ವರ್ಟರ್ ಬ್ಯಾಟರಿ ಕಾರಿನಲ್ಲಿ ಬೇಡವೇ ಬೇಡ, ವಾಲಿದರೆ ಆಸಿಡ್ ಚೆಲ್ಲುತ್ತದೆ. ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ ಕರೆ ಮಾಡಿ.

ಪ್ರಶ್ನೆ: ಪುಣೆಗೆ ಬಂದು ಎಂಟು ತಿಂಗಳು. ಕಾರಿಗೆ ಇನ್ನೂ ಕರ್ನಾಟಕದ ನಂಬರ್. ಬದಲಿಸಲೇಬೇಕೆ?
– ಓದುಗರು, ಮೂಲ ಊರು ಕಲಬುರಗಿ

ಉತ್ತರ: ಅಲ್ಲೇ ನೆಲೆಸುವುದಾದರೆ ಬದಲಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದಲ್ಲಿ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ಮೊದಲು ನಿಮ್ಮ ಹಳೆಯ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಬಹುತೇಕರು ಸಿಕ್ಕಿಬೀಳುವುದು ಸಾಲದಲ್ಲಿ: ಕಂತು ಬಾಕಿಯಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವಿಲ್ಲದೆ ಕಡತ ಮುಂದೆ ಹೋಗದು. ಆಮೇಲೆ ಪುಣೆಯಲ್ಲಿ ಫಾರ್ಮ್ 27 ಕೊಟ್ಟು ಅಲ್ಲಿನ ತೆರಿಗೆ ಕಟ್ಟಿ. ಹೊಸ ಆರ್‌ಸಿ ಕೈಗೆ ಬಂದ ಮೇಲೆ ಕರ್ನಾಟಕದಲ್ಲಿ ಕಟ್ಟಿದ್ದ ಜೀವಿತಾವಧಿ ತೆರಿಗೆಯ ಉಳಿದ ಪಾಲಿಗೆ ಹಳೆಯ ಆರ್‌ಟಿಒದಲ್ಲೇ ಅರ್ಜಿ ಹಾಕಿ. ಗಾಡಿ ಯಾವತ್ತು ರಾಜ್ಯದೊಳಗೆ ಬಂತು ಎಂಬ ಪ್ರಶ್ನೆ ಎದ್ದರೆ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ತೋರಿಸಬಹುದು, ಈಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಂಬರ್ ಬದಲಾದ ಕೂಡಲೇ ಇನ್ಶೂರೆನ್ಸ್‌ನಲ್ಲೂ ಫಾಸ್ಟ್ಯಾಗ್‌ನಲ್ಲೂ ತಿದ್ದಿಸಿ.

ಪ್ರಶ್ನೆ: ಬೇರೆ ಊರಿನ ಹೊಸ ಮನೆಗೆ ನಾನು ಒಬ್ಬನೇ ಮೊದಲು ಹೋಗುತ್ತೇನೆ. ಹಾಲುಕ್ಕಿಸಬೇಕು ಎಂದು ಅಜ್ಜಿಯ ಆಜ್ಞೆ. ಸಿಲಿಂಡರ್ ಒಯ್ಯಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಏಜೆನ್ಸಿಗೆ ಒಪ್ಪಿಸಿ ಠೇವಣಿ ವಾಪಸ್ ಪಡೆದು, ಟರ್ಮಿನೇಷನ್ ವೋಚರ್ (ಇಲ್ಲಿನ ಕನೆಕ್ಷನ್ ಮುಗಿಸಿದ ಚೀಟಿ) ಬರೆಸಿಕೊಳ್ಳಿ. ಹೊಸ ಊರಿನಲ್ಲಿ ಅದನ್ನು ತೋರಿಸಿ ಕನೆಕ್ಷನ್ ಪಡೆಯಬಹುದು. ಅಲ್ಲಿಯವರೆಗೆ ಕಾರಿನಲ್ಲಿ ಒಂದು ಇಂಡಕ್ಷನ್ ಒಲೆ ಇರಲಿ. ಅದಕ್ಕೆ 16 ಆಂಪಿಯರ್ ಸಾಕೆಟ್ ಅಡುಗೆಮನೆಯಲ್ಲಿದೆಯೇ ಎಂದು ಮನೆ ಮಾಲೀಕರನ್ನು ಮೊದಲೇ ಕೇಳಿ. ಅಜ್ಜಿ ಕೊಡುವ ಹಿತ್ತಾಳೆ ಪಾತ್ರೆಯಾಗಲಿ, ಅಲ್ಯೂಮಿನಿಯಂ ಪಾತ್ರೆಯಾಗಲಿ ಅದರ ಮೇಲೆ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಚಪ್ಪಟೆ ಸ್ಟೀಲ್ ಪಾತ್ರೆ ಬೇಕು. ಅರ್ಧ ಲೀಟರ್ ಹಾಲಿಗೆ ಚಿಕ್ಕ ಪಾತ್ರೆಯನ್ನೇ ಆರಿಸಿ, ದೊಡ್ಡದರಲ್ಲಿ ಹಾಲು ಕುದಿಯುತ್ತದೆ, ಉಕ್ಕುವುದಿಲ್ಲ. ಉಕ್ಕಲು ಶುರುವಾದ ಕ್ಷಣವೇ ಆಫ್ ಮಾಡಿ, ಹಾಲು ಒಲೆಯ ಬಟನ್‌ಗಳ ಮೇಲೆ ಹರಿದರೆ ಕಾಫಿಗೂ ಸಂಚಕಾರ.