ಹಳೆಯ ಎಕ್ಸ್‌ಕವೇಟರ್ ಮಾನಿಟರಿನಲ್ಲಿ ಕಮ್ಯುನಿಕೇಷನ್ ಎರರ್ ಬಂದು ಹೋಗುತ್ತದೆ, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಲಿಸಬೇಕೇ?

ಇಸಿಎಂಗೆ ಈಗಲೇ ದುಡ್ಡು ಸುರಿಯಬೇಡಿ. ಬಂದು ಹೋಗುವ ದೋಷ ಹೆಚ್ಚಾಗಿ ವೈರಿಂಗಿನದ್ದೇ. ಮೊದಲು ಬ್ಯಾಟರಿ, ಫ್ಯೂಸು, ಅರ್ತ್ ಬೋಲ್ಟು ನೋಡಿ. ಸ್ಟಾರ್ಟ್ ಮಾಡುವಾಗ ವೋಲ್ಟೇಜು ತೀರಾ ಕುಸಿದರೆ ಕಂಟ್ರೋಲರ್ ರೀಸೆಟ್ ಆಗಿಯೂ ಇದೇ ಎರರ್ ಬರುತ್ತದೆ.

ನಂತರ ಬ್ಯಾಟರಿ ಕಳಚಿ, ಡಯಾಗ್ನೊಸ್ಟಿಕ್ ಸಾಕೆಟ್‌ನಲ್ಲಿ ಕ್ಯಾನ್ ಹೈ ಮತ್ತು ಕ್ಯಾನ್ ಲೋ (ಕಂಟ್ರೋಲರ್‌ಗಳು ಪರಸ್ಪರ ಸಂದೇಶ ಕಳಿಸುವ ಎರಡು ತಂತಿ) ನಡುವೆ ಓಮ್ ಅಳೆಯಿರಿ. 9 ಪಿನ್ನಿನ ಜೆ1939 (ಭಾರೀ ಯಂತ್ರಗಳ ಕ್ಯಾನ್ ಮಾನದಂಡ) ಸಾಕೆಟ್ ಆದರೆ ಅವು ಸಿ ಮತ್ತು ಡಿ ಪಿನ್ನುಗಳು. ಈ ತಂತಿಗಳ ಎರಡೂ ತುದಿಯಲ್ಲಿ 120 ಓಮ್ ರೆಸಿಸ್ಟರ್ ಇರುವುದರಿಂದ ಸುಮಾರು 60 ಬರಬೇಕು. 120 ಬಂದರೆ ಒಂದು ರೆಸಿಸ್ಟರ್ ಹೋಗಿದೆ ಅಥವಾ ತಂತಿ ತುಂಡಾಗಿದೆ. 40ರ ಆಸುಪಾಸು ಬಂದರೆ ಮೂರನೆಯ ರೆಸಿಸ್ಟರ್ ಸೇರಿದೆ. ಸೆಕೆಂಡ್‌ಹ್ಯಾಂಡ್ ಯಂತ್ರದಲ್ಲಿ ಹಿಂದಿನ ಮಾಲೀಕರು ಹಾಕಿಸಿದ ಜಿಪಿಎಸ್ ಟ್ರ್ಯಾಕರ್ ಅನ್ನು ಮೊದಲು ಅನುಮಾನಿಸಿ. ಸೊನ್ನೆಯಾದರೆ ಎರಡು ತಂತಿ ಶಾರ್ಟ್.

60 ಬಂದರೂ ಬಿಡಬೇಡಿ. ಮೀಟರ್ ನೋಡುತ್ತಲೇ ಸೀಟಿನ ಕೆಳಗೆ, ಎಂಜಿನ್ ಕ್ಲ್ಯಾಂಪ್‌ಗಳ ಬಳಿ ಹಾರ್ನೆಸ್ (ತಂತಿಗಳ ಕಟ್ಟು) ಅಲ್ಲಾಡಿಸಿ. ಅಂಕಿ ಜಿಗಿದರೆ ದೋಷ ಅಲ್ಲೇ. ಬ್ಯಾಟರಿ ಮತ್ತೆ ಜೋಡಿಸಿ ಕೀ ಆನ್ ಮಾಡಿದಾಗ ಅರ್ತ್‌ಗೆ ಹೋಲಿಸಿದರೆ ಹೈ 2.5 ವೋಲ್ಟಿಗಿಂತ ತುಸು ಮೇಲೆ, ಲೋ ತುಸು ಕೆಳಗೆ ಇರಬೇಕು. ಇಲ್ಲದಿದ್ದರೆ ಕೀ ಆಫ್ ಮಾಡಿ ಒಂದೊಂದೇ ಮಾಡ್ಯೂಲ್ (ಕಂಟ್ರೋಲರ್) ಕಳಚುತ್ತಾ, ಪ್ರತಿಸಲ ಮತ್ತೆ ಆನ್ ಮಾಡಿ ಅಳೆಯಿರಿ.