ನೀರಿನಲ್ಲಿ ಲೋಹದ ಮಾಲಿನ್ಯ ಇದೆಯಾ ಅಂತ ತಿಳಿಯಲು ಪಚ್ಚಿಲೆಯ (ಹಸಿರು ಚಿಪ್ಪಿನ ಕಡಲಜೀವಿ) ಮೆಟಲೋಥಯೋನಿನ್ ಅನ್ನುವ ಪ್ರೋಟೀನ್ ಅಳೆದರೆ ಸಾಕಾ, ಲೋಹದ ಪರೀಕ್ಷೆ ಬಿಡಬಹುದಾ?

ಬಿಡಬೇಡಿ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ನಾನೂ ಹೀಗೇ ದುಡ್ಡು ಉಳಿಸಲು ಹೋಗಿದ್ದೆ.

ಮೆಟಲೋಥಯೋನಿನ್ ಚಿಕ್ಕ ಪ್ರೋಟೀನ್, ಅದರ ಅಮೈನೋ ಆಮ್ಲಗಳಲ್ಲಿ ಹೆಚ್ಚುಕಮ್ಮಿ ಮೂರಕ್ಕೊಂದು ಸಿಸ್ಟೀನ್. ಅದರಲ್ಲಿರುವ ಗಂಧಕ ಕ್ಯಾಡ್ಮಿಯಂ, ತಾಮ್ರ, ಸತು, ಪಾದರಸವನ್ನು ಹಿಡಿದುಕೊಳ್ಳುತ್ತದೆ. ಮೈಯಲ್ಲಿ ಲೋಹ ಏರಿದರೆ ಪಚ್ಚಿಲೆ ಇದನ್ನು ಜಾಸ್ತಿ ತಯಾರಿಸುತ್ತದೆ. ಇಷ್ಟು ನಿಜ.

ಮೂಲ್ಕಿ ಅಳಿವೆಯಲ್ಲಿ ಎರಡು ಜಾಗ ಆರಿಸಿದ್ದೆ. ಕಡಲಿನ ಕಡೆಯ ಪಚ್ಚಿಲೆಯನ್ನು ಬೇಸಿಗೆಯಲ್ಲಿ ತಂದೆ. ದೋಣಿ ಸಿಗಲಿಲ್ಲ ಅಂತ ಒಳಗಿನ ಜಾಗದ್ದನ್ನು ಮಳೆಗಾಲ ಮುಗಿದ ಮೇಲೆ ತಂದೆ. ಕೆಟ್ಟಿದ್ದು ಇಲ್ಲೇ. ಸಿಸ್ಟೀನ್ ಸಿಕ್ಕರೆ ಹಳದಿ ಬಣ್ಣ ಕೊಡುವ ಎಲ್ಮನ್ ರಾಸಾಯನಿಕ ಹಾಕಿ 412 ನ್ಯಾನೋಮೀಟರ್ ಬೆಳಕಿನಲ್ಲಿ ನೋಡಿದರೆ ಒಂದು ಗುಂಪಿನ ಹಳದಿ ಚೆನ್ನಾಗಿ ಏರಿತ್ತು. ಮಾಲಿನ್ಯ ಸಿಕ್ಕಿತು ಅಂತ ಕುಣಿದೆ. ಆಮೇಲೆ ಗೈಡ್ ಬಲವಂತಕ್ಕೆ ಲೋಹವನ್ನೇ ಅಳೆಯುವ ಎಎಎಸ್ ಪರೀಕ್ಷೆ ಮಾಡಿಸಿದರೆ ಎರಡರಲ್ಲೂ ಕ್ಯಾಡ್ಮಿಯಂ ಹೆಚ್ಚುಕಮ್ಮಿ ಒಂದೇ!

ನಾನು ಅಳೆದಿದ್ದು ಋತುವನ್ನು. ಮಳೆಗೆ ಅಳಿವೆಯ ಉಪ್ಪು ಇಳಿಯುತ್ತದೆ. ಉಪ್ಪು, ಬಿಸಿ, ಮೊಟ್ಟೆ ಬಿಡುವ ಕಾಲ, ಪ್ರಾಣಿಯ ಗಾತ್ರ, ಎಲ್ಲಕ್ಕೂ ಈ ಪ್ರೋಟೀನ್ ಅಲುಗಾಡುತ್ತದೆ. ಸುಳಿವು ಕಣ್ಣೆದುರೇ ಇತ್ತು. ಮೊದಲ ಗುಂಪಿನ ಚಿಪ್ಪು ಬಿಡಿಸಿದಾಗ ಮಾಂಸ ಕೊಬ್ಬಿತ್ತು, ಹೆಣ್ಣಿನದು ಕೇಸರಿ, ಗಂಡಿನದು ಹಾಲುಬಿಳಿ. ಎರಡನೆಯದು ನೀರುನೀರು, ಸೊರಗಿದ್ದು. ನೋಡಿಯೂ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಸಾಲದ್ದಕ್ಕೆ ಈ ಪ್ರೋಟೀನ್ ಹೆಚ್ಚಿರುವ ಜೀರ್ಣಗ್ರಂಥಿ ಬೇರ್ಪಡಿಸದೆ ಇಡೀ ಮಾಂಸ ರುಬ್ಬಿದ್ದೆ.

ಪ್ರೋಟೀನ್ ಏರಿದರೂ ಯಾವ ಲೋಹ ಅಂತ ಅದು ಹೇಳುವುದಿಲ್ಲ ಅಲ್ವಾ? ಸೀಸಕ್ಕಂತೂ ಅಷ್ಟಾಗಿ ಏಳುವುದೂ ಇಲ್ಲ. 1986ರಲ್ಲಿ ಶುರುವಾದ ಅಮೆರಿಕದ ಮಸಲ್ ವಾಚ್ (ಚಿಪ್ಪುಜೀವಿಗಳಿಂದ ಕರಾವಳಿಯ ಮಾಲಿನ್ಯ ಪತ್ತೆಹಚ್ಚುವ ಯೋಜನೆ) ಕೂಡ ಮಾಂಸದಲ್ಲಿರುವ ಲೋಹವನ್ನೇ ಅಳೆಯುತ್ತದೆ. ಪ್ರಾಣಿಗೆ ತೊಂದರೆ ತಟ್ಟಿದೆಯಾ ಅನ್ನುವುದಕ್ಕೆ ಪ್ರೋಟೀನ್ ಜೊತೆಗಿರಲಿ.

ಹಾಗಾಗಿ ಪ್ರೋಟೀನ್ ಅಳೆಯುವ ಕಿಟ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಚೊಕ್ಕ ಜಾಗದಿಂದ ಒಂದೇ ಅಳತೆಯ ಪಚ್ಚಿಲೆ ತನ್ನಿ. ಬಲೆಚೀಲದಲ್ಲಿ ಹಾಕಿ ಎರಡೂ ಕಡೆ ಕೆಲವು ವಾರ ನೇತುಹಾಕಿ, ಒಂದೇ ದಿನ ಎತ್ತಿ. ಉಪ್ಪು, ಬಿಸಿ ಬರೆದಿಡಿ. ಮಾಂಸವನ್ನು ಐಸಿನಲ್ಲೇ ಇಟ್ಟು ರುಬ್ಬಿ. ರುಬ್ಬುವಾಗ ಹಾಕುವ ಮರ್ಕಾಪ್ಟೋಇಥನಾಲ್ ಕೊಳೆತ ನಾತ ಹೊಡೆಯುತ್ತದೆ ಅಂತ ಬಿಡಬೇಡಿ. ಅದಿಲ್ಲದಿದ್ದರೆ ಸಿಸ್ಟೀನ್ ಗಾಳಿಗೆ ಕೆಟ್ಟು ಅಂಕಿ ಕಮ್ಮಿ ಬರುತ್ತದೆ.

ಮತ್ತೆ, ಚೀಲ ಕಟ್ಟುವ ಮೊದಲು ಅಲ್ಲಿನ ಮೀನುಗಾರರಿಗೆ ಒಂದು ಮಾತು ಹೇಳಿ. ಇಲ್ಲದಿದ್ದರೆ ನಿಮ್ಮ ಸ್ಯಾಂಪಲ್ ಯಾರದೋ ಮನೆಯಲ್ಲಿ ಪಚ್ಚಿಲೆ ಸುಕ್ಕ ಆಗಿರುತ್ತದೆ.