ಎಂಜಿನ್ ಹೊಸದು, ಟ್ಯಾಂಕು ಹಳೆಯದು: ಘಾಟಿಯಲ್ಲಿ ನಿಲ್ಲುವ ಅಂಬಾಸಿಡರ್

ಪ್ರಶ್ನೆ: ತಂದೆಯವರ ಕಾಲದ 1984ರ ಅಂಬಾಸಿಡರ್ ಮಾರ್ಕ್ 4 ಕಾರಿನ 1489 ಸಿಸಿ ಎಂಜಿನ್ ತೆಗೆಸಿ, ಅಂಬಾಸಿಡರಿನದೇ 1.8 ಲೀಟರಿನ ಇಸುಜು ಎಂಪಿಎಫ್‌ಐ (ಇಂಜೆಕ್ಟರುಗಳಿಂದ ಪೆಟ್ರೋಲು ಚಿಮ್ಮಿಸುವ) ಎಂಜಿನ್ ಕೂರಿಸಿದ್ದೇನೆ. ಊರೊಳಗೆ ಚೆನ್ನಾಗಿ ಓಡುತ್ತದೆ. ಮಂಗಳೂರಿನಿಂದ ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ಜರ್ಕ್ ಹೊಡೆದು ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕಡಿಮೆ ಇದ್ದರೆ ತಿರುವುಗಳಲ್ಲೂ ಮಿಸ್ ಹೊಡೆಯುತ್ತದೆ. ಪಂಪು, ಪ್ಲಗ್ಗು, ಇಂಜೆಕ್ಟರ್ ಎಲ್ಲವನ್ನೂ ಬದಲಾಯಿಸಿದ್ದಾಯಿತು. ಮುಂದೇನು ಮಾಡಲಿ?
– ಓದುಗರು, ಸಕಲೇಶಪುರ

ಉತ್ತರ: ನೀವು ಒಂದೇ ದೋಷವೆಂದು ಭಾವಿಸಿರುವುದು ಬಹುಶಃ ಎರಡು. ಎರಡೂ ಎಂಜಿನ್ನಿನಲ್ಲಿ ಇರುವುದಕ್ಕಿಂತ, ಬದಲಾಯಿಸದೆ ಹಾಗೆಯೇ ಉಳಿಸಿಕೊಂಡ ಟ್ಯಾಂಕು, ಪೈಪು ಮತ್ತು ವೈರುಗಳಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ಗಾಳಿಗೆ ಪೆಟ್ರೋಲು ಬೆರೆಸುತ್ತಿದ್ದ ಹಳೆಯ ಕಾರ್ಬುರೇಟರಿಗೆ 0.2ರಿಂದ 0.3 ಬಾರ್ ಒತ್ತಡ ಸಾಕಿತ್ತು. ಇಂಜೆಕ್ಷನ್ ಎಂಜಿನ್ನಿಗೆ ಸುಮಾರು 3 ಬಾರ್, ಅಂದರೆ ಹತ್ತರಿಂದ ಹದಿನೈದು ಪಟ್ಟು ಬೇಕು. ಆದರೆ ನಿಮ್ಮ ತಿರುವಿನ ತೊಂದರೆಗೆ ಇನ್ನೊಂದು ವ್ಯತ್ಯಾಸ ಹೆಚ್ಚು ಸಂಬಂಧಿಸಿದ್ದು. ಕಾರ್ಬುರೇಟರಿನ ಫ್ಲೋಟ್ ಚೇಂಬರಿನಲ್ಲಿ ಸ್ವಲ್ಪ ಪೆಟ್ರೋಲು ಸದಾ ನಿಂತಿರುವುದರಿಂದ, ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲು ಒಂದು ಪಕ್ಕಕ್ಕೆ ಸರಿದು ಪೈಪು ಕ್ಷಣಕಾಲ ಗಾಳಿ ಎಳೆದರೂ ಚಾಲಕನಿಗೆ ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್ನಿನಲ್ಲಿ ಅಂಥ ದಾಸ್ತಾನು ಇಲ್ಲ. ಒಂದು ಗುಟುಕು ಗಾಳಿ ಹೋದರೂ ಎಂಜಿನ್ ಆ ಕೂಡಲೇ ತೊದಲುತ್ತದೆ. ಟ್ಯಾಂಕಿನೊಳಗೆ ಅಡ್ಡತಗಡು ಕೂರಿಸುವುದು, ಇಲ್ಲವೇ ಟ್ಯಾಂಕಿಗೂ ಮುಖ್ಯ ಪಂಪಿಗೂ ನಡುವೆ ಒಂದು ಲೀಟರಿನಷ್ಟು ಹಿಡಿಯುವ ಸರ್ಜ್ ಟ್ಯಾಂಕನ್ನು (ಸದಾ ತುಂಬಿರುವ ಪುಟ್ಟ ದಾಸ್ತಾನು ಟ್ಯಾಂಕು) ಸಣ್ಣ ಪಂಪಿನೊಂದಿಗೆ ಅಳವಡಿಸುವುದು ಇದಕ್ಕೆ ಪರಿಹಾರ. ಎಂಜಿನ್ನಿನಿಂದ ಹೆಚ್ಚುವರಿ ಪೆಟ್ರೋಲನ್ನು ವಾಪಸು ತರುವ ರಿಟರ್ನ್ ಪೈಪು, ಹೀರುವ ಪೈಪಿನ ಬಾಯಿಯ ಪಕ್ಕದಲ್ಲೇ ಸುರಿಯುತ್ತಿದ್ದರೆ ನೊರೆಯೂ ಒಳಸೇರುತ್ತದೆ, ಅದನ್ನೂ ನೋಡಿಸಿ.

ಏರಿನ ದೋಷಕ್ಕೆ ಊಹೆ ಬೇಡ, ಅಳತೆ ಬೇಕು. ಪಂಪು, ಪ್ಲಗ್ಗು, ಇಂಜೆಕ್ಟರುಗಳಿಗೆ ಖರ್ಚು ಮಾಡುವ ಮೊದಲು ಒಂದು ಪ್ರೆಶರ್ ಗೇಜ್ ಹಾಕಿಸಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲವೇನೋ. ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಕೊಳವೆಗೆ (ಫ್ಯೂಯಲ್ ರೈಲ್) ಟಿ ಜಾಯಿಂಟ್ ಹಾಕಿ, ಗೇಜನ್ನು ಗಾಜಿನ ಹೊರಗೆ ವೈಪರಿನ ಬುಡದಲ್ಲಿ ಭದ್ರವಾಗಿ ಕಟ್ಟಿಸಿ. ಪೆಟ್ರೋಲಿನ ಹೋಸು ಯಾವ ಕಾರಣಕ್ಕೂ ಕಾರಿನೊಳಗೆ ಬರಬಾರದು. ನೀವು ಓಡಿಸುವಾಗ ಪಕ್ಕದಲ್ಲಿ ಕುಳಿತವರು ಮುಳ್ಳನ್ನು ಗಮನಿಸಲಿ. ಶೆಡ್ಡಿನಲ್ಲಿ ಐಡ್ಲಿಂಗಿನಲ್ಲಿ ಎಷ್ಟು ತೋರಿಸಿತು ಎಂಬುದರಿಂದ ಹೆಚ್ಚೇನೂ ತಿಳಿಯದು. ಜರ್ಕ್ ಹೊಡೆಯುವ ಗಳಿಗೆಯಲ್ಲಿ ಎಷ್ಟು ಎಂಬುದೇ ಮುಖ್ಯ.

ಏರು ಹತ್ತುತ್ತಿದ್ದಂತೆ ಮುಳ್ಳು ನಿಧಾನವಾಗಿ ಇಳಿದರೆ ಹರಿವು ಸಾಲುತ್ತಿಲ್ಲ ಎಂದರ್ಥ. ಆಗ ಕಾರು ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ಯೆಂದು ಗಾಳಿ ಒಳಕ್ಕೆ ಎಳೆದುಕೊಂಡರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ; ಕಾರು ನಿಂತಾಗ ಗಾಳಿ ನಿಧಾನವಾಗಿ ಒಳಸೇರುತ್ತದೆ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋಗುವುದಕ್ಕೆ ಇದು ಒಳ್ಳೆಯ ವಿವರಣೆ. ಇನ್ನೊಂದು ವಿವರಣೆ ತುಕ್ಕು. ನಲವತ್ತು ವರ್ಷದ ಟ್ಯಾಂಕಿನ ತುಕ್ಕಿನ ಚಕ್ಕೆಗಳು ಪಂಪಿನ ಸೆಳೆತಕ್ಕೆ ಹೀರುವ ಪೈಪಿನ ಬಾಯಿಯ ಜಾಲರಿಗೆ ಅಂಟಿಕೊಂಡು, ಪಂಪು ನಿಂತಮೇಲೆ ಕಳಚಿ ತಳಕ್ಕೆ ಬೀಳುತ್ತವೆ. ಈಗ ಬಂಕುಗಳಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲು ಹಳೆಯ ಕೊಳೆಯನ್ನು ಎಬ್ಬಿಸುತ್ತದೆ, ಹಳೆಯ ರಬ್ಬರನ್ನೂ ಮೆತ್ತಗಾಗಿಸುತ್ತದೆ. ಫಿಲ್ಟರನ್ನು ಬಿಚ್ಚಿ, ಟ್ಯಾಂಕಿನ ಕಡೆಯ ಬಾಯಿಯಿಂದ ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಕಂದು ಪುಡಿ ಕಂಡರೆ ಬರೀ ಫಿಲ್ಟರ್ ಬದಲಾಯಿಸಿ ಪ್ರಯೋಜನವಿಲ್ಲ, ಟ್ಯಾಂಕನ್ನೇ ಇಳಿಸಬೇಕು.

ವೈರನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು ಪಂಪಿನ ಟರ್ಮಿನಲ್ಲಿನಲ್ಲಿ 11 ಮಾತ್ರ ಸಿಗುತ್ತಿದ್ದರೆ, ಎಂಥ ಪಂಪು ತಂದರೂ ಏರಿನಲ್ಲಿ ಸೋಲುತ್ತದೆ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಬ್ಯಾಟರಿಯಿಂದ ರಿಲೇ ಮೂಲಕ ನೇರವಾಗಿ ದಪ್ಪ ವೈರು ಎಳೆಸಿ. ಅರ್ಥಿಂಗನ್ನು ಬಣ್ಣ ಕೆರೆದ ಶುದ್ಧ ಲೋಹಕ್ಕೆ ಕೊಡಿಸಿ. ಪಂಪು ಎಲ್ಲಿದೆ ಎಂಬುದನ್ನೂ ನೋಡಿ: ಇಂಜೆಕ್ಷನ್ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ. ಅದನ್ನು ಬಾನೆಟ್ಟಿನ ಕೆಳಗೆ ಬಿಸಿಯಲ್ಲಿ ಕೂರಿಸಿದ್ದರೆ ಟ್ಯಾಂಕಿನ ಪಕ್ಕಕ್ಕೆ, ಅದರ ತಳಕ್ಕಿಂತ ಕೆಳಮಟ್ಟಕ್ಕೆ ಸಾಗಿಸಿ.

ಇವೆಲ್ಲಕ್ಕೂ ಮೊದಲು, ಇವತ್ತೇ, ಹೋಸುಗಳನ್ನು ಪರೀಕ್ಷಿಸಿ. ಕಾರ್ಬುರೇಟರ್ ಕಾಲದ ಹೋಸು 3 ಬಾರ್ ಒತ್ತಡಕ್ಕೆ ಮಾಡಿದ್ದಲ್ಲ. ಅದು ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಒಡೆದರೆ ಕಾರೇ ಉಳಿಯದು. ಯಾವ ಜಾಯಿಂಟನ್ನೇ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿಕೊಳ್ಳಿ.

ಒಂದು ವೇಳೆ ಕಾರು ನಿಲ್ಲುವಾಗಲೂ ಮುಳ್ಳು 3 ಬಾರ್‌ನಲ್ಲೇ ನಿಂತಿದ್ದರೆ ಪೆಟ್ರೋಲಿನ ದಾರಿ ನಿರ್ದೋಷಿ. ಆಗ ಬಿಸಿಯಾದಾಗ ಕೈಕೊಟ್ಟು ತಣ್ಣಗಾದಮೇಲೆ ಮತ್ತೆ ಕೆಲಸ ಮಾಡುವ ಇಗ್ನಿಷನ್ ಕಾಯಿಲ್ (ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವುದು) ಅಥವಾ ಕ್ರ್ಯಾಂಕ್ ಸೆನ್ಸರಿನ (ಎಂಜಿನ್ನಿನ ತಿರುಗಾಟ ಗುರುತಿಸುವುದು) ಕಡೆ ನೋಡಬೇಕು. ಗೇಜಿನ ಮತ್ತು ವೋಲ್ಟ್ ಮೀಟರಿನ ಅಂಕಿಗಳನ್ನು ಬರೆದು ಕಳುಹಿಸಿ. ಅಲ್ಲಿಯವರೆಗೆ ಹೊಸ ಸಾಮಾನು ಕೊಳ್ಳಬೇಡಿ.